ಗಾಡಿಯ ಖರ್ಚಿಗೊಂದು ಕ್ರಮವಿಧಿ

ಈ ಪತ್ರಿಕೆ ಕೈಗೆ ಬಂದ ಕೂಡಲೆ ನಿಮ್ಮಲ್ಲಿ ಅನೇಕರು ಮೊದಲು ತಿರುವಿ ನೋಡುವುದು ಕಾರ್ಯಕ್ರಮಗಳ ಪಟ್ಟಿಯನ್ನು. ಬೆಳಗ್ಗೆ ಮಂಗಳವಾದ್ಯ, ಅದಾದ ಮೇಲೆ ಚಿಂತನ, ಅದಾದ ಮೇಲೆ ವಾರ್ತೆ. ಯಾವುದರ ಹಿಂದೆ ಯಾವುದು, ಎಷ್ಟು ಹೊತ್ತು ಎಂಬುದೆಲ್ಲ ಅಲ್ಲಿ ಅಚ್ಚಾಗಿರುತ್ತದೆ. ನಿಲಯದಲ್ಲಿ ಕುಳಿತವರು ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಅನುಸರಿಸುತ್ತ ಹೋಗುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರೋಗ್ರಾಂ ಎಂದು ಹೆಸರು. ಗಣಕಯಂತ್ರಕ್ಕೆ ನಾವು ಬರೆದುಕೊಡುವ ಅಪ್ಪಣೆಗಳ ಪಟ್ಟಿಗೂ ಅದೇ ಹೆಸರೇ ಬಂದಿದೆ. ಕನ್ನಡದಲ್ಲಿ ಅದನ್ನು ಕ್ರಮವಿಧಿ ಎಂದು ಕರೆಯುತ್ತಾರೆ. ಹೆಸರು ದೊಡ್ಡದಾಯಿತೆಂದು ಹೆದರಬೇಕಾಗಿಲ್ಲ. ಅಡಿಗೆಮನೆಯಲ್ಲಿ ಸಾರಿನ ಪುಡಿ ಮಾಡುವ ವಿಧಾನವನ್ನು ಸೊಸೆಗೆ ಹೇಳಿಕೊಡುವ ಅತ್ತೆಯೂ ಒಂದು ಕ್ರಮವಿಧಿಯನ್ನೇ ಹೇಳುತ್ತಿರುತ್ತಾರೆ. ಮೊದಲು ಯಾವುದನ್ನು ಹುರಿಯಬೇಕು, ಎಷ್ಟು ಹುರಿಯಬೇಕು, ಯಾವಾಗ ಇಳಿಸಬೇಕು ಎಂಬುದೇ ಅದರ ಸಾರ.

ಇಂತಹ ಒಂದು ಸಣ್ಣ ಕ್ರಮವಿಧಿಯನ್ನು ನಾವೇ ಬರೆದುನೋಡೋಣ. ಲೆಕ್ಕವನ್ನೂ ನಿತ್ಯದ ಬಾಳಿನಿಂದಲೇ ಆರಿಸಿಕೊಳ್ಳೋಣ: ಕಾರಿನಲ್ಲಿ ಓಡಾಡಿದರೆ ಪೆಟ್ರೋಲಿಗೆ ಎಷ್ಟು ಖರ್ಚು?

ಮಂಡ್ಯದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಯಜಮಾನರು ನಿವೃತ್ತ ಮೇಷ್ಟ್ರು. ಮಗಳಿಗೆ ಮೈಸೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ತಾಯಿಗೆ ಆರೋಗ್ಯ ಸರಿಯಿಲ್ಲ. ರಾತ್ರಿಯ ಹೊತ್ತು ಮಗಳು ಹತ್ತಿರ ಇರಲೇಬೇಕು. ಹೀಗಾಗಿ ಮೈಸೂರಿನಲ್ಲಿ ಕೋಣೆ ಹಿಡಿದು ಇರುವ ಮಾತು ಆಡುವಂತಿಲ್ಲ. ಕೆಲಸ ಬಿಡುವ ಹೊತ್ತಿಗೆ ಕತ್ತಲಾಗುವುದರಿಂದ ಬಸ್ಸು ರೈಲುಗಳ ವೇಳೆ ಹೊಂದುವುದಿಲ್ಲ. ಮನೆಯಲ್ಲಿ ಹಳೆಯದೊಂದು ಕಾರು ಇದೆ. ಅದೇ ಬೀದಿಯ ಇನ್ನೂ ಮೂವರು ಮೈಸೂರಿಗೆ ಹೋಗಿಬರುವವರು. ಪಾಲು ಕೊಟ್ಟು ಜೊತೆಗೆ ಬರಲು ಸಿದ್ಧರಿದ್ದಾರೆ. ಕೆಲಸ ಒಪ್ಪಿಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಈಗ ಒಂದು ಲೆಕ್ಕದ ಮೇಲೆ ನಿಂತಿದೆ.

“ಅಪ್ಪಾ, ತಿಂಗಳಿಗೆ ಪೆಟ್ರೋಲಿಗೆ ಎಷ್ಟಾದೀತು?” ಎಂದು ಮಗಳು ಕೇಳುತ್ತಾಳೆ. “ಏನು, ಹತ್ತು ಹನ್ನೆರಡು ಸಾವಿರ ಆದೀತಮ್ಮ” ಎಂದು ತಂದೆ ಅಂದಾಜಿನ ಮೇಲೆ ಹೇಳಿಬಿಡುತ್ತಾರೆ. ಒಳಗಿನಿಂದ ತಾಯಿ, “ಆದೀತು ಅನ್ನೋದನ್ನ ಬಿಟ್ಟು, ಆಗುತ್ತೆ ಅಂತ ಹೇಳೋ ಹಾಗೆ ಕೂತು ಲೆಕ್ಕ ಹಾಕಿ” ಎನ್ನುತ್ತಾರೆ. ತಾಯಿಯ ಮಾತೇ ಸರಿ.

ಲೆಕ್ಕದ ತಿರುಳು ಎರಡೇ ಮೆಟ್ಟಿಲು. ಹೋಗುವ ದೂರವನ್ನು ಮೈಲೇಜಿನಿಂದ, ಅಂದರೆ ಒಂದು ಲೀಟರಿಗೆ ಗಾಡಿ ಓಡುವ ಕಿಲೋಮೀಟರುಗಳಿಂದ, ಭಾಗಿಸಿದರೆ ಬೇಕಾಗುವ ಲೀಟರು ಸಿಗುತ್ತದೆ. ಲೀಟರನ್ನು ದರದಿಂದ ಗುಣಿಸಿದರೆ ರೂಪಾಯಿ ಸಿಗುತ್ತದೆ. ಮಂಡ್ಯದಿಂದ ಮೈಸೂರಿಗೆ ಸುಮಾರು ೪೫ ಕಿಲೋಮೀಟರು, ಹೋಗಿಬರಲು ೯೦. ತಿಂಗಳಿಗೆ ೨೫ ದಿನವೆಂದರೆ ೨,೨೫೦ ಕಿಲೋಮೀಟರು. ಕಾರು ಕೊಂಡಾಗ ಮಾರಿದವರು ಹೇಳಿದ ಮೈಲೇಜು ೧೮ ಎಂದಿರಲಿ. ೨,೨೫೦ನ್ನು ೧೮ರಿಂದ ಭಾಗಿಸಿದರೆ ೧೨೫ ಲೀಟರು. ಲೆಕ್ಕ ಸುಲಭವಾಗಲೆಂದು ಲೀಟರಿಗೆ ೧೦೦ ರೂಪಾಯಿ ಎಂದು ಇಟ್ಟುಕೊಂಡರೆ ತಿಂಗಳಿಗೆ ೧೨,೫೦೦ ರೂಪಾಯಿ. ನಾಲ್ವರಿಗೆ ಹಂಚಿದರೆ ತಲೆಗೆ ೩,೧೨೫.

ಇಷ್ಟಕ್ಕೆ ಗಣಕವೇಕೆ, ಕಾಗದ ಸಾಲದೇ ಎಂದು ನೀವು ಕೇಳಬಹುದು. ಒಂದೇ ಸಲಕ್ಕಾದರೆ ಕಾಗದವೇ ಸಾಕು. ಆದರೆ ದರ ಬದಲಾಗುತ್ತದೆ. ನಮ್ಮ ದೇಶದಲ್ಲಿ ೨೦೧೭ರ ಜೂನ್ ೧೬ರಿಂದ ಪೆಟ್ರೋಲ್ ಡೀಸೆಲ್‌ಗಳ ದರವನ್ನು ದಿನದಿನವೂ ಪರಿಷ್ಕರಿಸುವ ಏರ್ಪಾಡು ಬಂದಿತು. ತಿಂಗಳುಗಟ್ಟಲೆ ಅಲುಗದೆ ನಿಂತದ್ದೂ ಉಂಟು, ದಿನಕ್ಕಷ್ಟು ಏರಿದ್ದೂ ಉಂಟು. ರಾಜ್ಯದಿಂದ ರಾಜ್ಯಕ್ಕೆ ತೆರಿಗೆ ಬೇರೆಯಾದ್ದರಿಂದ ಅತ್ತಿಬೆಲೆಯಲ್ಲಿ ಒಂದು ದರ, ಗಡಿ ದಾಟಿ ಹೊಸೂರಿಗೆ ಹೋದರೆ ಮತ್ತೊಂದು. ಜೊತೆಗೆ ಬರುವವರು ಒಂದು ತಿಂಗಳು ನಾಲ್ವರು, ಒಂದು ತಿಂಗಳು ಮೂವರು. ಪ್ರತಿಸಲವೂ ಹೊಸದಾಗಿ ಲೆಕ್ಕ ಹಾಕುವ ಬದಲು, ಲೆಕ್ಕ ಹಾಕುವ ಬಗೆಯನ್ನೇ ಒಮ್ಮೆ ಬರೆದಿಟ್ಟುಬಿಟ್ಟರೆ ಆಮೇಲೆ ಅಂಕಿಗಳನ್ನು ಮಾತ್ರ ಕೊಟ್ಟರಾಯಿತು. ಕ್ರಮವಿಧಿಯ ಪ್ರಯೋಜನ ಇದೇ.

ಗಣಕಕ್ಕೆ ನಮ್ಮ ಮಾತು ತಿಳಿಯುವಂತೆ ಹೇಳಲು ಅನೇಕ ಭಾಷೆಗಳುಂಟು. ಅವುಗಳಲ್ಲಿ ಹೊಸಬರಿಗೆ ಸುಲಭವಾದುದು ಪೈಥಾನ್. ನೆದರ್ಲೆಂಡ್ಸ್ ದೇಶದ ಗೀಡೋ ವಾನ್ ರಾಸಮ್ ಎಂಬುವರು ಅದನ್ನು ರಚಿಸಿ ೧೯೯೧ರಲ್ಲಿ ಹೊರತಂದರು. ಹೆಬ್ಬಾವಿಗೂ ಈ ಹೆಸರಿಗೂ ಸಂಬಂಧವಿಲ್ಲ, ಬಿ.ಬಿ.ಸಿ. ದೂರದರ್ಶನದ ‘ಮಾಂಟಿ ಪೈಥಾನ್’ ಎಂಬ ಹಾಸ್ಯ ಕಾರ್ಯಕ್ರಮದಿಂದ ಬಂದದ್ದು. ಅಲ್ಲಿಗೆ ಪ್ರಸಾರ ಲೋಕಕ್ಕೂ ಅದಕ್ಕೂ ಒಂದು ನಂಟಿದ್ದಂತಾಯಿತು. ಅದನ್ನು ಪಡೆಯಲು ಕಾಸು ಕೊಡಬೇಕಾಗಿಲ್ಲ.

೨೦೦೮ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಈಚೆಗೆ, ನಾವು ಲೆಕ್ಕದಲ್ಲಿ ಬಳಸುವ ಹೆಸರುಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ದೂರವನ್ನು ದೂರವೆಂದೇ, ದರವನ್ನು ದರವೆಂದೇ ಬರೆದರೂ ಯಂತ್ರ ಒಪ್ಪುತ್ತದೆ. ಅಂಕಿಗಳನ್ನು ಕೇಳಿದಾಗ ೪೫ ಎಂದು ಕನ್ನಡದ ಅಂಕಿಯಲ್ಲಿ ಉತ್ತರಿಸಿದರೂ ಅದಕ್ಕೆ ಅರ್ಥವಾಗುತ್ತದೆ. ಅಪ್ಪಣೆಯ ಮಾತುಗಳು ಮಾತ್ರ ಇಂಗ್ಲಿಷಿನವು. ನಮಗೆ ಸದ್ಯಕ್ಕೆ ಮೂರು ಸಾಕು. ‘ಇನ್‌ಪುಟ್’ ಎಂದರೆ ಕೇಳಿ ತೆಗೆದುಕೊ. ‘ಫ್ಲೋಟ್’ ಎಂದರೆ ಅದನ್ನು ಸಂಖ್ಯೆಯಾಗಿ ಮಾಡಿಕೊ. ‘ಪ್ರಿಂಟ್’ ಎಂದರೆ ತೆರೆಯ ಮೇಲೆ ತೋರಿಸು. ಗುಣಾಕಾರಕ್ಕೆ ನಕ್ಷತ್ರದ ಗುರುತು, ಭಾಗಾಕಾರಕ್ಕೆ ಓರೆಗೆರೆ.

ಕ್ರಮವಿಧಿ ಹೀಗಿದೆ:

ದೂರ = ಫ್ಲೋಟ್(ಇನ್‌ಪುಟ್("ಒಂದು ಕಡೆಯ ದೂರ ಎಷ್ಟು ಕಿಲೋಮೀಟರು? "))
ದಿನ = ಫ್ಲೋಟ್(ಇನ್‌ಪುಟ್("ತಿಂಗಳಿಗೆ ಎಷ್ಟು ದಿನ? "))
ಮೈಲೇಜ್ = ಫ್ಲೋಟ್(ಇನ್‌ಪುಟ್("ಲೀಟರಿಗೆ ಎಷ್ಟು ಕಿಲೋಮೀಟರು? "))
ದರ = ಫ್ಲೋಟ್(ಇನ್‌ಪುಟ್("ಲೀಟರಿಗೆ ಎಷ್ಟು ರೂಪಾಯಿ? "))
ಜನ = ಫ್ಲೋಟ್(ಇನ್‌ಪುಟ್("ಎಷ್ಟು ಜನ ಪಾಲುದಾರರು? "))
ಒಟ್ಟುದೂರ = ದೂರ * ೨ * ದಿನ
ಲೀಟರ್ = ಒಟ್ಟುದೂರ / ಮೈಲೇಜ್
ಖರ್ಚು = ಲೀಟರ್ * ದರ
ಪ್ರಿಂಟ್("ತಿಂಗಳ ಖರ್ಚು", ಖರ್ಚು)
ಪ್ರಿಂಟ್("ಒಬ್ಬರ ಪಾಲು", ಖರ್ಚು / ಜನ)

ಓದುವ ಅನುಕೂಲಕ್ಕಾಗಿ ಎಲ್ಲವನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚುಮಾಡಿದೆ. ಗಣಕದಲ್ಲಿ ಬೆರಳಚ್ಚು ಮಾಡುವಾಗ ಇನ್‌ಪುಟ್, ಫ್ಲೋಟ್, ಪ್ರಿಂಟ್ ಎಂಬ ಮೂರು ಮಾತುಗಳನ್ನೂ ಆರನೆಯ ಸಾಲಿನಲ್ಲಿರುವ ೨ ಎಂಬ ಅಂಕಿಯನ್ನೂ ಇಂಗ್ಲಿಷಿನಲ್ಲೇ ಹಾಕಬೇಕು. ಮಾತುಗಳು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿರಬೇಕು. ಉಳಿದದ್ದು ಕನ್ನಡದಲ್ಲೇ ಇರಬಹುದು.

ಹತ್ತು ಸಾಲು. ಮೊದಲ ಐದು ಸಾಲು ಕೇಳುತ್ತವೆ, ನಡುವಿನ ಮೂರು ಲೆಕ್ಕ ಹಾಕುತ್ತವೆ, ಕೊನೆಯ ಎರಡು ಹೇಳುತ್ತವೆ. ‘ಸಮ’ದ ಗುರುತು ಇಲ್ಲಿ ಶಾಲೆಯ ಗಣಿತದಲ್ಲಿರುವಂತಹುದಲ್ಲ, ಬಲಗಡೆಯದನ್ನು ಮಾಡಿ ಎಡಗಡೆಯ ಹೆಸರಿನ ಡಬ್ಬಿಯಲ್ಲಿ ಹಾಕಿಡು ಎಂಬುದು ಅದರ ಅರ್ಥ. ಸಾಲುಗಳ ಕ್ರಮವನ್ನು ತಪ್ಪಿಸುವಂತಿಲ್ಲ. ಲೀಟರು ಎಷ್ಟೆಂದು ತಿಳಿಯುವ ಮೊದಲೇ ಖರ್ಚು ಕೇಳಿದರೆ, ಲೀಟರ್ ಎಂದರೇನೆಂದು ಗೊತ್ತಿಲ್ಲವೆಂದು ಯಂತ್ರ ನಿಂತುಬಿಡುತ್ತದೆ.

ಫ್ಲೋಟ್ ಎಂಬ ಮಾತು ಏಕೆ ಬೇಕೆಂಬುದನ್ನು ವಿವರಿಸಬೇಕು. ಇನ್‌ಪುಟ್ ಏನನ್ನು ತೆಗೆದುಕೊಂಡರೂ ಅಕ್ಷರಗಳೆಂದೇ ತಿಳಿಯುತ್ತದೆ. ನೀವು ೪೫ ಎಂದರೆ ಅದಕ್ಕೆ ಅದು ನಲವತ್ತೈದಲ್ಲ. ನಾಲ್ಕು, ಐದು ಎಂಬ ಎರಡು ಗುರುತುಗಳು. ಅದನ್ನು ಸಂಖ್ಯೆಯಾಗಿ ಮಾಡದೆ ‘ಎರಡರಿಂದ ಗುಣಿಸು’ ಎಂದರೆ ಎರಡು ಸಲ ಬರೆದು ೪೫೪೫ ಎಂದು ಇಟ್ಟುಬಿಡುತ್ತದೆ! ಎರಡು ಸಲ ಬರೆ ಎಂದು ಮೇಷ್ಟ್ರು ಹೇಳಿದರೆ ಹುಡುಗ ಎರಡು ಸಲ ಬರೆದಂತೆ. ಅಕ್ಷರಶಃ ವಿಧೇಯತೆಯಿಂದ ಆಗುವ ಅನಾಹುತಕ್ಕೆ ಇದೊಂದು ಚಿಕ್ಕ ಉದಾಹರಣೆ.

ಬರೆದ ಮೇಲೆ ಪರೀಕ್ಷಿಸದೆ ನಂಬಬಾರದು. ಬಾಯಿಲೆಕ್ಕದಲ್ಲಿ ಉತ್ತರ ಗೊತ್ತಿರುವ ಅಂಕಿಗಳನ್ನು ಮೊದಲು ಕೊಡಿ. ದೂರ ೧೦, ದಿನ ೧, ಮೈಲೇಜು ೨೦, ದರ ೧೦೦, ಜನ ೧. ಹೋಗಿಬರಲು ೨೦ ಕಿಲೋಮೀಟರು, ಒಂದು ಲೀಟರು, ನೂರು ರೂಪಾಯಿ. ಯಂತ್ರವೂ ನೂರು ಎಂದರೆ ಮುಂದುವರಿಯಬಹುದು. ಬೇರೆ ಏನಾದರೂ ಹೇಳಿದರೆ ತಪ್ಪು ನಮ್ಮ ಬರವಣಿಗೆಯಲ್ಲಿದೆ ಎಂದು ತಿಳಿಯಿರಿ.

ಇನ್ನೊಂದು ಪರೀಕ್ಷೆಯನ್ನೂ ಮಾಡಿನೋಡಿ. ಅವಸರದಲ್ಲಿ ಮೈಲೇಜು ಕೇಳಿದಾಗ ದರವನ್ನೂ ದರ ಕೇಳಿದಾಗ ಮೈಲೇಜನ್ನೂ ಕೊಟ್ಟಿರೆಂದು ಇಟ್ಟುಕೊಳ್ಳಿ. ಮೈಲೇಜು ೧೦೦, ದರ ೧೫. ಆಗ ನಮ್ಮ ಮಂಡ್ಯದವರ ತಿಂಗಳ ಖರ್ಚು ೩೩೭ ರೂಪಾಯಿ ೫೦ ಪೈಸೆ ಎಂದು ಯಂತ್ರ ಕೊಂಚವೂ ಅಳುಕದೆ ಹೇಳುತ್ತದೆ. ಯಾವ ಕಾರೂ ಒಂದು ಲೀಟರಿಗೆ ನೂರು ಕಿಲೋಮೀಟರು ಓಡದೆಂಬ ಲೋಕಜ್ಞಾನ ಅದಕ್ಕಿಲ್ಲ. ಆ ಜ್ಞಾನವನ್ನು ನಾವೇ ಕೊಡಬೇಕು. ಮೈಲೇಜು ೪೦ಕ್ಕಿಂತ ಹೆಚ್ಚಾಗಿದ್ದರೆ ಅಥವಾ ಸೊನ್ನೆಯಾಗಿದ್ದರೆ ‘ಸರಿಯಾಗಿ ನೋಡಿ ಹೇಳಿ’ ಎಂದು ಮತ್ತೆ ಕೇಳುವಂತೆ ಒಂದು ಸಾಲು ಸೇರಿಸುವುದನ್ನು ಮುಂದೆ ನೀವೇ ಕಲಿಯಬಹುದು.

ಅಂಕಿ ಸರಿಯಾಗಿದ್ದು ಅಳತೆಯ ಮಾನ ತಪ್ಪಿದರೂ ಇದೇ ಗತಿ. ನಮ್ಮಲ್ಲಿ ತೂಕ ಅಳತೆಗಳ ಕಾಯಿದೆ ೧೯೫೬ರಲ್ಲಿ ಬಂದು ಮೈಲಿಯ ಜಾಗಕ್ಕೆ ಕಿಲೋಮೀಟರು, ಗ್ಯಾಲನ್ನಿನ ಜಾಗಕ್ಕೆ ಲೀಟರು ಬಂದವು. ಮೈಲಿ ಹೋದರೂ ಮೈಲೇಜು ಎಂಬ ಮಾತು ಮಾತ್ರ ಉಳಿಯಿತು. ಹಿಂದಿನವರು ಗ್ಯಾಲನ್ನಿಗೆ ೪೦ ಮೈಲಿ ಎನ್ನುತ್ತಿದ್ದುದು ಈಗಿನ ಲೆಕ್ಕದಲ್ಲಿ ಲೀಟರಿಗೆ ೧೪ ಕಿಲೋಮೀಟರಿಗಿಂತ ತುಸು ಹೆಚ್ಚು. ಆ ನಲವತ್ತನ್ನೇ ತಂದು ಈ ಕ್ರಮವಿಧಿಗೆ ಕೊಟ್ಟರೆ ಲೆಕ್ಕವೆಲ್ಲ ತಲೆಕೆಳಗು.

ಇದು ಬರಿಯ ಮಾತಲ್ಲ. ೧೯೮೩ರ ಜುಲೈ ೨೩ರಂದು ಏರ್ ಕೆನಡಾ ಸಂಸ್ಥೆಯ ಬೋಯಿಂಗ್ ೭೬೭ ವಿಮಾನವೊಂದು ಮಾಂಟ್ರಿಯಲ್ಲಿನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್ನಿಗೆ ಹೊರಟಿತು. ಕೆನಡಾ ದೇಶ ಆಗ ಹಳೆಯ ಅಳತೆಗಳಿಂದ ಮೆಟ್ರಿಕ್ ಪದ್ಧತಿಗೆ ಬದಲಾಗುತ್ತಿದ್ದ ಕಾಲ. ವಿಮಾನದ ಇಂಧನಮಾಪಕ ಕೆಟ್ಟಿದ್ದುದರಿಂದ ಕೈಲೆಕ್ಕದಿಂದಲೇ ಇಂಧನ ತುಂಬಬೇಕಾಯಿತು. ಬೇಕಾಗಿದ್ದುದು ೨೨,೩೦೦ ಕಿಲೋಗ್ರಾಮು. ಟ್ಯಾಂಕಿನಲ್ಲಿ ಆಗಲೇ ೭,೬೮೨ ಲೀಟರು ಇತ್ತು. ಲೀಟರನ್ನು ಕಿಲೋಗ್ರಾಮು ಮಾಡಲು ೦.೮೦೩ರಿಂದ ಗುಣಿಸಬೇಕಾಗಿತ್ತು, ಅಭ್ಯಾಸಬಲದಿಂದ ೧.೭೭ರಿಂದ ಗುಣಿಸಿದರು. ಅದು ಲೀಟರಿಗೆ ಎಷ್ಟು ಪೌಂಡು ಎಂಬ ಸಂಖ್ಯೆ. ಆದ್ದರಿಂದ ಇನ್ನೂ ೨೦,೦೦೦ ಲೀಟರಿಗಿಂತ ಹೆಚ್ಚು ತುಂಬಬೇಕಾದಲ್ಲಿ ೫,೦೦೦ ಲೀಟರಿಗಿಂತ ಕಡಿಮೆ ತುಂಬಿದರು. ಬೇಕಾದ ಇಂಧನದ ಅರ್ಧವೂ ವಿಮಾನದಲ್ಲಿರಲಿಲ್ಲ. ವಿಮಾನದಲ್ಲಿದ್ದ ಗಣಕಕ್ಕೂ ಅದೇ ತಪ್ಪು ಅಂಕಿಯನ್ನು ಕೊಟ್ಟುದರಿಂದ ಅದೂ ಇಂಧನ ಸಾಕಷ್ಟಿದೆ ಎಂದೇ ತೋರಿಸುತ್ತಿತ್ತು. ಸುಮಾರು ೪೧,೦೦೦ ಅಡಿ ಎತ್ತರದಲ್ಲಿದ್ದಾಗ ಇಂಧನ ಮುಗಿಯತೊಡಗಿ ಎರಡು ಎಂಜಿನುಗಳೂ ಒಂದರ ಹಿಂದೊಂದು ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅವರಿಗೆ ಎಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸಿ ಅನುಭವವಿತ್ತು. ಸಹಚಾಲಕ ಮಾರಿಸ್ ಕ್ವಿಂಟಾಲರಿಗೆ ಗಿಮ್ಲಿ ಎಂಬಲ್ಲಿಯ ಹಳೆಯ ವಾಯುನೆಲೆಯ ಪರಿಚಯವಿತ್ತು. ಅಷ್ಟು ದೊಡ್ಡ ವಿಮಾನವನ್ನು ಗಾಳಿಯ ಮೇಲೆ ತೇಲಿಸಿಕೊಂಡು ಅವರು ಅಲ್ಲಿಗೆ ತಂದಿಳಿಸಿದರು. ಒಳಗಿದ್ದ ೬೯ ಜನರೂ ಬದುಕಿದರು. ಗುಣಾಕಾರ ತಪ್ಪಿರಲಿಲ್ಲ, ಭಾಗಾಕಾರ ತಪ್ಪಿರಲಿಲ್ಲ. ತಪ್ಪಿದ್ದುದು ಅಳತೆಯ ಹೆಸರು ಮಾತ್ರ. ನಮ್ಮ ಕ್ರಮವಿಧಿಯ ಪ್ರತಿಯೊಂದು ಪ್ರಶ್ನೆಯಲ್ಲೂ ಕಿಲೋಮೀಟರು, ಲೀಟರು, ರೂಪಾಯಿ ಎಂದು ಬಿಡಿಸಿ ಬರೆದಿರುವುದು ಈ ಕಾರಣಕ್ಕೇ.

ಈಗ ಮಂಡ್ಯದ ಮನೆಗೆ ಹಿಂತಿರುಗೋಣ. ಅಲ್ಲಿ ಒಂದು ಅಂಕಿ ಇನ್ನೂ ಅನುಮಾನದಲ್ಲಿದೆ. ಮೈಲೇಜು ೧೮ ಎಂದವರು ಮಾರಿದವರು. ಅದು ಹೊಸ ಗಾಡಿಯನ್ನು ನಿಯಮಬದ್ಧವಾದ ಪರೀಕ್ಷೆಯಲ್ಲಿ ಓಡಿಸಿದಾಗ ಬಂದದ್ದು. ನಾಲ್ವರು ಕುಳಿತು, ಊರೊಳಗಿನ ದಟ್ಟಣೆಯಲ್ಲಿ ನಿಂತು ನಿಂತು ಹೊರಡುವ ಹಳೆಯ ಗಾಡಿಗೆ ಅದು ಹೊಂದಬೇಕೆಂದಿಲ್ಲ. ಈಚಿನ ವರ್ಷಗಳಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣವೂ ಹೆಚ್ಚಿದೆ. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ.

ನಿಜವಾದ ಮೈಲೇಜನ್ನು ಮನೆಯಲ್ಲೇ ಅಳೆಯಬಹುದು. ಬಂಕಿಗೆ ಹೋಗಿ ಟ್ಯಾಂಕು ತುಂಬಿಸಿ, ಗಾಡಿ ಓಡಿದ ಕಿಲೋಮೀಟರನ್ನು ಬರೆದಿಟ್ಟುಕೊಳ್ಳಿ. ಎಂದಿನಂತೆ ಕೆಲವು ದಿನ ಓಡಿಸಿ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ. ಈ ಸಲ ಹಿಡಿದಷ್ಟು ಲೀಟರೇ ನೀವು ಉರಿಸಿದ್ದು. ಮೊದಲು ೨೪,೩೧೦ ಇದ್ದುದು ಈಗ ೨೪,೭೯೦ ಆಗಿ, ೩೨ ಲೀಟರು ಹಿಡಿಯಿತೆನ್ನಿ. ೪೮೦ನ್ನು ೩೨ರಿಂದ ಭಾಗಿಸಿದರೆ ೧೫. ನಾಲ್ಕಾರು ಸಲ ಹೀಗೆ ಮಾಡಿ, ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿದರೆ ಇನ್ನೂ ನಂಬಬಹುದು.

ಒಟ್ಟನ್ನು ಒಟ್ಟಿನಿಂದಲೇ ಭಾಗಿಸಬೇಕೆಂಬುದನ್ನು ಮರೆಯಬೇಡಿ. ಘಟ್ಟ ಹತ್ತುವಾಗ ೬೦ ಕಿಲೋಮೀಟರಿಗೆ ಲೀಟರಿಗೆ ೧೨, ಇಳಿಯುವಾಗ ಅದೇ ೬೦ಕ್ಕೆ ಲೀಟರಿಗೆ ೨೦ ಬಂದರೆ ಸರಾಸರಿ ೧೬ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಹತ್ತಲು ೫ ಲೀಟರು, ಇಳಿಯಲು ೩ ಲೀಟರು. ೧೨೦ ಕಿಲೋಮೀಟರಿಗೆ ೮ ಲೀಟರು, ಅಂದರೆ ಸರಾಸರಿ ೧೫.

ಮೇಷ್ಟ್ರ ಕಾರಿನ ಮೈಲೇಜು ೧೫ ಎಂದು ತಿಳಿದಮೇಲೆ ಕ್ರಮವಿಧಿಗೆ ಆ ಒಂದು ಅಂಕಿಯನ್ನು ಬದಲಿಸಿ ಕೊಟ್ಟರೆ ೧೫೦ ಲೀಟರು, ೧೫,೦೦೦ ರೂಪಾಯಿ, ತಲೆಗೆ ೩,೭೫೦. ಹಿಂದಿನ ಲೆಕ್ಕವನ್ನೇ ನಂಬಿ ಮೂವರಿಂದಲೂ ೩,೧೨೫ರಂತೆ ಪಡೆದಿದ್ದರೆ ಕೈಗೆ ಬರುತ್ತಿದ್ದುದು ೯,೩೭೫. ಮಿಕ್ಕ ೫,೬೨೫ ಮಗಳ ಮೇಲೆ ಬೀಳುತ್ತಿತ್ತು. ನ್ಯಾಯವಾದ ಪಾಲಿಗಿಂತ ಇದು ತಿಂಗಳಿಗೆ ೧,೮೭೫ ಹೆಚ್ಚು. ವರ್ಷಕ್ಕೆ ೨೨,೫೦೦ ರೂಪಾಯಿ. ನಾಲ್ಕು ತಿಂಗಳಾದ ಮೇಲೆ ಎಚ್ಚರವಾಗಿ, “ಇನ್ನಷ್ಟು ಕೊಡಿ” ಎಂದು ನೆರೆಯವರನ್ನು ಕೇಳುವ ಸಂಕೋಚ ಎಂತಹುದೆಂದು ನಿಮಗೆ ಹೇಳಬೇಕಾಗಿಲ್ಲ. ಮೊದಲ ದಿನವೇ ಹತ್ತು ಸಾಲನ್ನೂ ಎಲ್ಲರ ಮುಂದೆ ಇಟ್ಟರೆ ಆ ಮಾತಿಗೆ ಎಡೆಯೇ ಇಲ್ಲ.

ಅವರಲ್ಲಿ ಒಬ್ಬರು ಸುಮಾರು ೩೦ ಕಿಲೋಮೀಟರಿನ ಶ್ರೀರಂಗಪಟ್ಟಣದಲ್ಲೇ ಇಳಿಯುವವರಾದರೆ ಸಮಪಾಲು ಅವರಿಗೆ ಭಾರವೆನಿಸಬಹುದು. ಆಗ ದೂರಕ್ಕೆ ತಕ್ಕಂತೆ ಹಂಚಿ. ಮೂವರ ೪೫, ಒಬ್ಬರ ೩೦, ಒಟ್ಟು ೧೬೫ ಪಾಲು. ೧೫,೦೦೦ವನ್ನು ಹಾಗೆ ಹಂಚಿದರೆ ಶ್ರೀರಂಗಪಟ್ಟಣದವರಿಗೆ ೨,೭೨೭, ಉಳಿದವರಿಗೆ ತಲೆಗೆ ೪,೦೯೧. ಇದಕ್ಕೆ ಸಾಲುಗಳನ್ನು ಹೇಗೆ ತಿದ್ದಬೇಕೆಂಬುದನ್ನು ಮನೆಯ ಮಕ್ಕಳಿಗೆ ಬಿಡಿ. ಟೋಲ್ ಕಟ್ಟುವ ದಾರಿಯಾದರೆ ಅದಕ್ಕೂ ಒಂದು ಪ್ರಶ್ನೆ ಸೇರಿಸಲು ಹೇಳಿ. ಟೈರು, ಆಯಿಲು, ವಿಮೆ, ರಿಪೇರಿಗಳು ಈ ಲೆಕ್ಕದಲ್ಲಿ ಬಂದಿಲ್ಲ. ಅವುಗಳಿಗೂ ಒಂದಷ್ಟು ತೆಗೆದಿಡುವುದು ಜಾಣತನ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಹಾಸಿಗೆಯ ಉದ್ದ ಎಷ್ಟೆಂದು ಅಳೆದುಕೊಡುವುದಷ್ಟೇ ಗಣಕದ ಕೆಲಸ. ಕೆಲಸಕ್ಕೆ ಹೋಗಬೇಕೇ ಎಂಬುದನ್ನು ಅದು ಹೇಳಲಾರದು. ಸಂಬಳವನ್ನೂ ತಾಯಿಯ ಔಷಧದ ಖರ್ಚನ್ನೂ ಮಗಳ ಮನಸ್ಸನ್ನೂ ನೋಡಿ ಆ ಮನೆಯವರೇ ತೀರ್ಮಾನಿಸಬೇಕು. ಆದರೆ ಅವರ ಎದುರಿಗೆ ಈಗ ‘ಹತ್ತು ಹನ್ನೆರಡು ಸಾವಿರ ಆದೀತು’ ಎಂಬ ಮಾತಿಲ್ಲ. ತಲೆಗೆ ೩,೭೫೦ ಎಂಬ ಅಂಕಿಯಿದೆ, ಅದು ಎಲ್ಲಿಂದ ಬಂತೆಂದು ಮನೆಯ ನಾಲ್ಕು ಜನಕ್ಕೂ ತಿಳಿದಿದೆ.

ಬರುವ ಭಾನುವಾರ ಮಧ್ಯಾಹ್ನ, ಊಟ ಮುಗಿದ ಮೇಲೆ, ಗಣಕ ಬಲ್ಲ ಮಗನನ್ನೋ ಮೊಮ್ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಈ ಹತ್ತು ಸಾಲನ್ನು ಬರೆಯಿರಿ. ಮೊದಲು ಹತ್ತು ಕಿಲೋಮೀಟರಿನ ಪರೀಕ್ಷೆ ಮಾಡಿ, ನೂರು ರೂಪಾಯಿ ಬಂದ ಮೇಲೆ ನಿಮ್ಮ ಗಾಡಿಯ ಅಂಕಿಗಳನ್ನು ಕೊಡಿ. ನೀವು ಅಂದುಕೊಂಡಿದ್ದಕ್ಕೂ ಅದು ಹೇಳಿದ್ದಕ್ಕೂ ಎಷ್ಟು ಅಂತರವಿದೆಯೆಂಬುದನ್ನು ಅಂದೇ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.